ಚೀಟಿ ಕೊಡುವ ಕಿಟಕಿಯ ಸಿಟ್ಟು

ಆ ಯಜಮಾನರು ನಮ್ಮ ಆಸ್ಪತ್ರೆಗೆ ಬಂದದ್ದು ಕಾಲಿನ ಗಾಯಕ್ಕೆ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ ನಮ್ಮದೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಆರು ಹಾಸಿಗೆ, ಡಾಕ್ಟರ್ ನಾನೊಬ್ಬಳೇ. ಯಜಮಾನರಿಗೆ ಐವತ್ತರ ಆಸುಪಾಸು, ಕಾಯಿ ಸುಲಿಯುವ ಕೆಲಸ. ಮೊಣಕಾಲಿನ ಕೆಳಗೆ ಗಾಯ ಕೀವಾಗಿ ಕಾಲು ಊದಿಕೊಂಡಿತ್ತು, ಜ್ವರ ಇತ್ತು. ಅಡ್ಮಿಟ್ ಮಾಡಿಕೊಂಡೆ. ಆಂಟಿಬಯೋಟಿಕ್ ಶುರುಮಾಡಿದೆ. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಅಂದದ್ದಕ್ಕೆ ಗ್ಲೂಕೋಸ್ ಡ್ರಿಪ್ ಹಾಕಿಸಿದೆ.

ಎರಡನೇ ದಿನ ಬೆಳಗ್ಗೆ ರೌಂಡ್ಸ್‌ಗೆ ಹೋದಾಗ ಅವರ ಹೆಂಡತಿಯ ಮುಖದಲ್ಲಿ ಸಮಾಧಾನ ಇತ್ತು. "ಇಲ್ಲಿಗೆ ಬಂದಾಗಿಂದ ಒಂದು ತೊಟ್ಟೂ ಮುಟ್ಟಿಲ್ಲ ಮೇಡಂ, ಕಾಲಿಗೆ ಗಾಯ ಆಗಿದ್ದೇ ಒಳ್ಳೇದಾಯ್ತು" ಅಂದರು. "ಹಾಗೇ ಬಿಟ್ಟುಬಿಡಿ ಯಜಮಾನ್ರೇ" ಅಂದು ನಾನು ಪಕ್ಕದ ಹಾಸಿಗೆಗೆ ಹೋದೆ. ಯಜಮಾನರ ಕೈ ನಡುಗುತ್ತಿತ್ತು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಜ್ವರ ಇಳಿಯುತ್ತಿರಬೇಕು ಅಂದುಕೊಂಡೆ.

ಮೂರನೇ ರಾತ್ರಿ ಎರಡು ಗಂಟೆಗೆ ನರ್ಸ್ ಫೋನ್ ಮಾಡಿದರು. ಓಡಿಹೋಗಿ ನೋಡಿದರೆ ಅವರು ಡ್ರಿಪ್ ಕಿತ್ತುಹಾಕಿ, ಗೋಡೆಯ ಮೇಲಿನ ಇರುವೆಗಳನ್ನು ಟವೆಲಿನಿಂದ ಒರೆಸುತ್ತಿದ್ದರು. ಗೋಡೆಯ ಮೇಲೆ ಇರುವೆ ಇರಲಿಲ್ಲ. ಯಾವತ್ತೋ ತೀರಿಕೊಂಡ ಅಣ್ಣನನ್ನು ಹೆಸರು ಹಿಡಿದು ಕೂಗುತ್ತಿದ್ದರು. ಪಕ್ಕದ ಹಾಸಿಗೆಯವರು ಗಾಳಿ ಮೆಟ್ಟಿಕೊಂಡಿದೆ ಅಂದರು. ನಾನು ಸೋಂಕು ಮೆದುಳಿಗೆ ಏರಿದೆ ಅಂದುಕೊಂಡೆ. 108 ಕರೆಸಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ, ದಾರಿಯಲ್ಲಿ ಫಿಟ್ಸ್ ಬಂತು. ಬದುಕಿ ಬಂದರು. ಆದರೆ ನಡಿಗೆ ಮೊದಲಿನ ಹಾಗೆ ಆಗಲಿಲ್ಲ, ಬೆಳಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಈಗಲೂ ಮೊಮ್ಮಗಳ ಕೈ ಹಿಡಿದುಕೊಂಡು ಬರುತ್ತಾರೆ. (ಗುರುತು ಸಿಗದ ಹಾಗೆ ಇಲ್ಲಿ ಎಲ್ಲರ ಬಗ್ಗೆಯೂ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ ಆಗಿದ್ದೇನು ಅಂತ ಇವತ್ತು ನಮ್ಮ ಆಸ್ಪತ್ರೆಯ ಯಾವ ನರ್ಸನ್ನು ಕೇಳಿದರೂ ಹೇಳುತ್ತಾರೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಆರರಿಂದ ಎಂಟು ಗಂಟೆಯೊಳಗೆ ಕೈ ನಡುಗಲು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿ ಪೂರ್ತಿ ಕಲಕಿಹೋಗುತ್ತದೆ, ಇಲ್ಲದ್ದು ಕಾಣಿಸುತ್ತದೆ, ಇಲ್ಲದ್ದು ಕೇಳಿಸುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಅಂತ ಅದಕ್ಕೆ ಹೆಸರು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಇನ್ನೊಂದು ಇದೆ. ಹಾಗೆ ಕುಡಿಯುವವರು ಊಟ ಬಿಟ್ಟಿರುತ್ತಾರೆ, ಮೈಯಲ್ಲಿ ಥಯಮಿನ್ ಅನ್ನುವ ಬಿ1 ವಿಟಮಿನ್ ಬರಿದಾಗಿರುತ್ತದೆ. ಅಂಥವರಿಗೆ ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ, ಉಳಿದಿದ್ದ ಅಷ್ಟಿಷ್ಟೂ ಅದನ್ನು ಕರಗಿಸಲು ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣಿನ ಚಲನೆ, ನಡಿಗೆ, ನೆನಪು, ಮೂರೂ ಕೆಡುತ್ತವೆ. ಆ ಡ್ರಿಪ್ ಬರೆದ ಕೈ ನನ್ನದು. ಮೊದಲು ಕೊಡಬೇಕಿದ್ದ ಥಯಮಿನ್ ಇಂಜೆಕ್ಷನ್ ದುಬಾರಿಯದ್ದೇನಲ್ಲ.

ಪುಸ್ತಕದಲ್ಲಿ ಓದಿರಲಿಲ್ಲವೇ ಅಂದರೆ, ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನಮ್ಮ ಕಾಲಕ್ಕೆ ಎಂಬಿಬಿಎಸ್‌ನಲ್ಲಿ ಮನೋವೈದ್ಯಕೀಯಕ್ಕೆ ಇದ್ದದ್ದು ಎರಡೇ ವಾರದ ಪೋಸ್ಟಿಂಗ್. ಅಲ್ಲಿ ನೋಡಿದ ಕುಡಿತದ ರೋಗಿಗಳೆಲ್ಲ ಆಗಲೇ ಆ ವಾರ್ಡಿಗೆ ಸೇರಿದವರು, ಹಣೆಪಟ್ಟಿ ಅಂಟಿಸಿಕೊಂಡು ಬಂದವರು. ಕಾಲಿನ ಗಾಯಕ್ಕೆ ಬಂದ ಮನುಷ್ಯನೊಳಗೆ ಅದೇ ಕಾಯಿಲೆ ಕೂತಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಿರಲಿಲ್ಲ.

ಮುಂದಿನ ವರ್ಷ ನನಗೆ ನಿಮ್ಹಾನ್ಸ್‌ನವರ ತರಬೇತಿ ಸಿಕ್ಕಿತು. ಬೆಂಗಳೂರಿನಲ್ಲಿ ಕೆಲವು ದಿನ, ಆಮೇಲೆ ತಿಂಗಳುಗಟ್ಟಲೆ ವಿಡಿಯೊದಲ್ಲಿ. ಆ ವಿಡಿಯೊ ಪದ್ಧತಿಯ ಹಿಂದೆ ಒಂದು ಕಥೆ ಇದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಂಜೀವ್ ಅರೋರಾ ಅನ್ನುವ ಲಿವರ್ ತಜ್ಞರು 2003ರಲ್ಲಿ ಇಕೋ ಅನ್ನುವ ಕೆಲಸ ಶುರುಮಾಡಿದರು. ಹೆಪಟೈಟಿಸ್ ಸಿ ಆದವರು ಅವರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಿತ್ತು, ನೂರಾರು ಮೈಲಿ ಬರಬೇಕಿತ್ತು. ರೋಗಿಗಳನ್ನು ತನ್ನ ಬಳಿಗೆ ಕರೆಸುವ ಬದಲು, ಹಳ್ಳಿಯ ಡಾಕ್ಟರುಗಳನ್ನು ವಾರಕ್ಕೊಮ್ಮೆ ವಿಡಿಯೊದಲ್ಲಿ ಕೂರಿಸಿಕೊಂಡು, ಅವರವರ ರೋಗಿಗಳ ಬಗ್ಗೆಯೇ ಮಾತಾಡುತ್ತಾ ಅವರನ್ನೇ ತಯಾರು ಮಾಡಿದರು. ನಿಮ್ಹಾನ್ಸ್ ಇದನ್ನು 2014ರಲ್ಲಿ ಕೈಗೆತ್ತಿಕೊಂಡು, ಕುಡಿತ ಮತ್ತು ಇತರ ವ್ಯಸನಗಳ ಚಿಕಿತ್ಸೆಗೂ ತಂದಿತು. ತಜ್ಞರನ್ನು ಆಸ್ಪತ್ರೆಯೊಳಗೆ ಇಟ್ಟುಕೊಂಡರೆ ಸಾಲದು, ಜ್ಞಾನ ಹಳ್ಳಿಗೆ ಹೋಗಬೇಕು ಅನ್ನುವುದು ನಮ್ಮ ರಾಜ್ಯಕ್ಕೆ ಹೊಸ ವಿಚಾರವೂ ಅಲ್ಲ. 1985ರಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಸಿಬ್ಬಂದಿಗೆ ಮಾನಸಿಕ ಕಾಯಿಲೆಗಳ ಚಿಕಿತ್ಸೆ ಕಲಿಸಿದ್ದರು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಬಳ್ಳಾರಿ ಮಾದರಿಯ ಮೇಲೆಯೇ ನಿಂತದ್ದು.

ನನ್ನ ಸರದಿ ಬಂದ ದಿನ ನಾನು ಆ ಯಜಮಾನರ ಕೇಸನ್ನೇ ಹೇಳಿದೆ. ಕಾಲು, ಜ್ವರ, ಡ್ರಿಪ್, ಇರುವೆ, ಫಿಟ್ಸ್, ಎಲ್ಲ. ಪರದೆಯ ಆ ಕಡೆಯ ಪ್ರೊಫೆಸರ್ ಸಮಾಧಾನವಾಗಿ ಕೇಳಿಸಿಕೊಂಡು, "ಅವರು ದಿನಕ್ಕೆ ಎಷ್ಟು ಕುಡಿಯುತ್ತಿದ್ದರು? ಕೊನೇ ಸಲ ಕುಡಿದದ್ದು ಯಾವಾಗ?" ಅಂತ ಕೇಳಿದರು. ನಾನು ಕೇಸ್ ಶೀಟ್ ತಿರುವಿದೆ. ಅದರಲ್ಲಿ ಬಿಪಿ ಇತ್ತು, ಶುಗರ್ ಇತ್ತು, ಗಾಯದ ಉದ್ದ ಅಗಲ ಇತ್ತು. ಕುಡಿತದ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಬಾಗಿಲಲ್ಲಿ ನಿಂತು ಅವರ ಹೆಂಡತಿ ತಾವಾಗಿ ಹೇಳಿದ್ದನ್ನೂ ಬರೆದಿರಲಿಲ್ಲ. ಪ್ರೊಫೆಸರ್ ಬಯ್ಯಲಿಲ್ಲ. ಇಲ್ಲಿ ಕೂತಿರುವ ಎಲ್ಲರ ಕೇಸ್ ಶೀಟೂ ಹೀಗೇ ಇರುತ್ತದೆ, ಇವತ್ತು ಅದನ್ನೇ ಕಲಿಯೋಣ ಅಂದರು.

ತರಬೇತಿಯಿಂದ ಬಂದೆ. ಗೊತ್ತಾಯಿತಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಮೂರು ತಿಂಗಳಲ್ಲಿ ಕುಡಿತದ ಚಿಕಿತ್ಸೆಗೆ ನನಗೆ ಸಿಕ್ಕಿದ್ದು ನಾಲ್ಕು ಜನ.

ನಾಲ್ಕು! ನಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ಮೂವತ್ತು ಸಾವಿರದಷ್ಟು ಜನ ಇದ್ದಾರೆ. ಏಮ್ಸ್‌ನವರು ಮಾಡಿ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ದೇಶದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರಲ್ಲಿ 14.6 ಶೇಕಡ ಜನ ಕುಡಿಯುತ್ತಾರೆ, ಅಂದರೆ ಸುಮಾರು 16 ಕೋಟಿ. ಅದರಲ್ಲಿ 5.7 ಕೋಟಿ ಜನರ ಕುಡಿತ ಸಹಾಯ ಬೇಕಾಗುವ ಮಟ್ಟದ್ದು. ಕುಡಿತಕ್ಕೆ ಪೂರ್ತಿ ಅವಲಂಬಿತರಾದವರಲ್ಲಿ 38 ಜನರಲ್ಲಿ ಒಬ್ಬರಿಗೆ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನ ಎಲ್ಲಿ ಹೋಗುತ್ತಾರೆ? ನಮ್ಮ ಊರಿನಲ್ಲಂತೂ ಅವರು ನಮ್ಮ ಆಸ್ಪತ್ರೆಗೇ ಬರುತ್ತಿದ್ದರು. ಗ್ಯಾಸ್ಟ್ರಿಕ್ ಅಂತ, ನಿದ್ದೆ ಬರಲ್ಲ ಅಂತ, ಬೈಕಿಂದ ಬಿದ್ದೆ ಅಂತ, ಬಿಪಿ ಇಳೀತಿಲ್ಲ ಅಂತ. ನಾವು ಗ್ಯಾಸ್ಟ್ರಿಕ್‌ಗೆ ಮಾತ್ರೆ ಕೊಟ್ಟು ಕಳಿಸುತ್ತಿದ್ದೆವು.

ಇನ್ನು ಕೆಲವರು ನನ್ನವರೆಗೆ ಬರುತ್ತಲೇ ಇರಲಿಲ್ಲ. ಇದು ಗೊತ್ತಾದದ್ದು ಒಂದು ಸೋಮವಾರ, ನಾನು ಒಪಿಡಿಗೆ ಸ್ವಲ್ಪ ತಡವಾಗಿ ಬಂದು ಚೀಟಿ ಕೊಡುವ ಕಿಟಕಿಯ ಪಕ್ಕ ಹಾದುಹೋಗುವಾಗ. ಒಬ್ಬ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ, ಕಂಬಿ ಹಿಡಿದುಕೊಂಡು ನಿಂತಿದ್ದ. ಕಿಟಕಿಯೊಳಗಿಂದ ನಮ್ಮ ಅಕ್ಕ, ಹೊರಗುತ್ತಿಗೆಯಲ್ಲಿ ಹನ್ನೊಂದು ವರ್ಷದಿಂದ ಇರುವವರು, "ಬೆಳಬೆಳಗ್ಗೇನೇ ವಾಸನೆ ಹೊಡ್ಕೊಂಡು ಬಂದಿದ್ಯಲ್ಲಪ್ಪ, ಹೋಗು, ಇಳಿದ ಮೇಲೆ ಬಾ" ಅನ್ನುತ್ತಿದ್ದರು. ಅವನು ಕೈಮುಗಿದು ಹೊರಟುಹೋದ. ಸಾಲಿನಲ್ಲಿದ್ದವರು ಯಾರೂ ಏನೂ ಅನ್ನಲಿಲ್ಲ. ಅವರಿಗೂ ಅದು ಸರಿಯೇ ಅನ್ನಿಸಿತ್ತು.

ಅವನು ಬೆಳಗ್ಗೆ ಕುಡಿದಿದ್ದು ಕೈ ನಡುಕ ನಿಲ್ಲಿಸಲು, ಆಸ್ಪತ್ರೆಯವರೆಗೆ ನಡೆದು ಬರಲು. ಇಳಿದ ಮೇಲೆ ಬಾ ಅಂದರೆ, ಇಳಿಯುವ ಹೊತ್ತಿಗೆ ಅವನಿಗೆ ಫಿಟ್ಸ್ ಬರುವ ಹೊತ್ತೂ ಆಗಿರುತ್ತದೆ.

ನನಗೆ ತುಂಬಾ ಸಿಟ್ಟು ಬಂತು. ಮಧ್ಯಾಹ್ನ ಅಕ್ಕನನ್ನು ಕರೆದು ಮಾತಾಡಿದೆ, ಸ್ವಲ್ಪ ಗಡುಸಾಗಿಯೇ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳಿದರು: "ಮೇಡಂ, ರಾತ್ರಿಯೆಲ್ಲ ಮನೇಲಿ ಅದೇ ವಾಸನೆ. ಬೆಳಗ್ಗೆ ಇಲ್ಲಿ ಬಂದ್ರೆ ಇಲ್ಲೂ ಅದೇ."

ಅವತ್ತಿನವರೆಗೆ ನನಗೆ ಅವರ ಗಂಡ ಕುಡಿಯುತ್ತಾರೆ ಅಂತ ಗೊತ್ತಿರಲಿಲ್ಲ. ಐದು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆವು. ರೋಗಿಗಳನ್ನು ಕೇಳದ ಹಾಗೆಯೇ ಅವರನ್ನೂ ಕೇಳಿರಲಿಲ್ಲ.

ಆಮೇಲೆ ಒಬ್ಬೊಬ್ಬರ ಜೊತೆ ಕೂತು ಮಾತಾಡಿದೆ. ನರ್ಸ್ ಒಬ್ಬರ ಅಪ್ಪ ಲಿವರ್ ಹೋಗಿ ತೀರಿಕೊಂಡಿದ್ದರು. ಒಬ್ಬ ಆಶಾ ಕಾರ್ಯಕರ್ತೆ ಕುಡಿಯುವ ಗಂಡನನ್ನು ಬಿಟ್ಟು ಎರಡು ಮಕ್ಕಳ ಜೊತೆ ತವರಿನಲ್ಲಿದ್ದರು. ಫಾರ್ಮಸಿಸ್ಟ್ ಅವರ ತಮ್ಮ ವರ್ಷಕ್ಕೆರಡು ಸಲ ಬಿಡಿಸುವ ಸೆಂಟರಿಗೆ ಹೋಗಿ ಬರುತ್ತಾನೆ. ಹತ್ತೊಂಬತ್ತು ಜನರ ತಂಡದಲ್ಲಿ ಮನೆಯಲ್ಲಿ ಈ ನೋವು ಇಲ್ಲದವರು ನಾಲ್ಕೈದು ಜನ ಇರಬಹುದು. ಕುಡುಕರಿಗೆ ಚಿಕಿತ್ಸೆ ಕೊಡಿ ಅಂತ ನಾವು ಹೇಳುತ್ತಿರುವುದು ಕುಡುಕರಿಂದ ಏಟು ತಿಂದ ಹೆಣ್ಣುಮಕ್ಕಳಿಗೆ. ಈ ಮಾತನ್ನು ಯಾವ ಸ್ಲೈಡಿನಲ್ಲೂ ನಾನು ನೋಡಿರಲಿಲ್ಲ. ಔಷಧಿಯ ಡೋಸ್ ಹೇಳಿಕೊಡುವ ಮೊದಲು ತರಬೇತಿಯಲ್ಲಿ ಒಂದು ಪೂರ್ತಿ ಮಧ್ಯಾಹ್ನ ಇದಕ್ಕೇ ಇಡಬೇಕು ಅಂತ ನನಗೆ ಈಗ ಬಲವಾಗಿ ಅನ್ನಿಸುತ್ತದೆ. ಸಿಟ್ಟನ್ನು ಹೊರಗೆ ಹಾಕಲು ಜಾಗ ಕೊಡದೆ ಸುಮ್ನೆ ಕರುಣೆ ತೋರಿಸಿ ಅಂದರೆ ಯಾರೂ ತೋರಿಸುವುದಿಲ್ಲ. ತೋರಿಸಬೇಕು ಅಂತ ಕೇಳುವ ಹಕ್ಕೂ ನಮಗಿಲ್ಲ.

ನಾವು ಒಂದು ಗುರುವಾರ ಒಪಿಡಿ ಮುಗಿದ ಮೇಲೆ ಎಲ್ಲರೂ ಲಸಿಕೆ ಹಾಕುವ ಕೋಣೆಯಲ್ಲಿ ಕೂತೆವು. ಬಾಗಿಲು ಹಾಕಿದೆವು. ಮೊದಲ ಒಂದು ಗಂಟೆ ಯಾವ ಪಾಠವೂ ಇಲ್ಲ. ಅವರು ಹೇಳಿದರು, ನಾನು ಕೇಳಿದೆ. ಅಳು ಇತ್ತು, ಬೈಗುಳ ಇತ್ತು. ಕೊನೆಗೆ ಕಿಟಕಿಯ ಅಕ್ಕನೇ ಕೇಳಿದರು: "ಅವ್ರಿಗೆ ಬಿಡಕ್ಕೆ ಆಗಲ್ವಾ ಮೇಡಂ, ಅಥವಾ ಬಿಡಲ್ವಾ?" ಆ ಪ್ರಶ್ನೆಯಿಂದಲೇ ನಮ್ಮ ತರಬೇತಿ ಶುರುವಾಯಿತು ಅನ್ನಬಹುದು. ಮೆದುಳು ಹೇಗೆ ಕುಡಿತಕ್ಕೆ ಒಗ್ಗಿಹೋಗುತ್ತದೆ, ನಿಲ್ಲಿಸಿದರೆ ಯಾಕೆ ರೊಚ್ಚಿಗೇಳುತ್ತದೆ, ಬೆಳಗಿನ ಕುಡಿತಕ್ಕೂ ಸಂಜೆಯ ಕುಡಿತಕ್ಕೂ ಏನು ವ್ಯತ್ಯಾಸ, ಇದನ್ನೆಲ್ಲ ಹೇಳುತ್ತಾ ಹೋದೆ. ಹೊಡೆದದ್ದನ್ನು ಕಾಯಿಲೆ ಅಂತ ಮನ್ನಿಸಬೇಕಿಲ್ಲ ಅನ್ನುವುದನ್ನೂ ಹೇಳಿದೆ. ಕಾಯಿಲೆಗೆ ಚಿಕಿತ್ಸೆ ಬೇರೆ, ಹಿಂಸೆಗೆ ಪೊಲೀಸ್ ಬೇರೆ. ಎರಡನ್ನೂ ಒಟ್ಟಿಗೆ ಮಾಡಬಹುದು, ಎಷ್ಟೋ ಸಲ ಮಾಡಲೇಬೇಕು.

ಆಮೇಲಿನ ಗುರುವಾರಗಳಲ್ಲಿ ಕೇಳುವುದನ್ನು ಕಲಿತೆವು. ಕೇಳುವುದಕ್ಕೂ ಕಲಿಯಬೇಕಾ ಅನ್ನಿಸಬಹುದು. "ಕುಡೀತೀಯಾ?" ಅಂದರೆ ನಮ್ಮ ಕಡೆ ಉತ್ತರ ಒಂದೇ, "ಇಲ್ಲ ಮೇಡಂ." ಇನ್ನೂ ಒತ್ತಿದರೆ, "ಮೈಕೈ ನೋವಿಗೆ ಒಂಚೂರು." ಅದೇ ಪ್ರಶ್ನೆಯನ್ನು ಬಿಪಿ ಪಟ್ಟಿ ಕಟ್ಟುತ್ತಾ, "ಕಾಯಿ ಸುಲಿಯೋ ಕೆಲಸ ಕಷ್ಟ ಅಲ್ವಾ ಅಣ್ಣ, ಸಂಜೆ ನೋವಿಗೆ ಏನ್ ಮಾಡ್ತೀರಾ? ನೈಂಟೀನಾ, ಕ್ವಾರ್ಟರಾ?" ಅಂತ ಕೇಳಿದರೆ ಹತ್ತರಲ್ಲಿ ಏಳು ಜನ ಲೆಕ್ಕ ಸಮೇತ ಹೇಳುತ್ತಾರೆ. ನಮ್ಮ ನರ್ಸ್‌ಗಳೇ ಕಂಡುಕೊಂಡ ದಾರಿ ಅದು. ವಿಶ್ವ ಆರೋಗ್ಯ ಸಂಸ್ಥೆಯವರ ಆಡಿಟ್ ಅನ್ನುವ ಪ್ರಶ್ನಾವಳಿ ಇದೆ, ಹತ್ತು ಪ್ರಶ್ನೆ, 40 ಅಂಕ. 8 ಮುಟ್ಟಿದರೆ ಎಚ್ಚರಿಕೆ, 20 ಮುಟ್ಟಿದರೆ ಅವಲಂಬನೆ ಇರಬಹುದು ಅಂತ ಪೂರ್ತಿ ಪರೀಕ್ಷೆ ಮಾಡಬೇಕು. ನಡುವಿನವರಿಗೆ ಎಷ್ಟೋ ಸಲ ಮಾತೇ ಔಷಧಿ. ಹಾಳೆ ಹಿಡಿದು ಓದಿದರೆ ಅದು ಪೊಲೀಸ್ ವಿಚಾರಣೆಯ ಹಾಗೆ ಕೇಳಿಸುತ್ತದೆ. ಹಾಗಾಗಿ ನಾವು ಒಬ್ಬರಿಗೊಬ್ಬರು ರೋಗಿಯಾಗಿ, ನರ್ಸ್ ಆಗಿ ಕೂತು ನಮ್ಮ ಮಾತಿನಲ್ಲಿ ಕೇಳುವುದನ್ನು ಅಭ್ಯಾಸ ಮಾಡಿದೆವು.

ಒಂದು ಗುರುವಾರ ಮೇಜಿನ ಮೇಲೆ ಖಾಲಿ ಬಾಟಲಿ, ಖಾಲಿ ಟೆಟ್ರಾ ಪ್ಯಾಕ್ ಜೋಡಿಸಿದೆವು. ಆಶಾ ಕಾರ್ಯಕರ್ತೆಯರು ದಾರಿಯಲ್ಲಿ ಆರಿಸಿಕೊಂಡು ಬಂದದ್ದು, ಹುಡುಕುವ ಕಷ್ಟವೇ ಆಗಲಿಲ್ಲ. 10 ಗ್ರಾಂ ಆಲ್ಕೋಹಾಲ್‌ಗೆ ಒಂದು ಡ್ರಿಂಕ್ ಅಂತ ಲೆಕ್ಕ. ಪ್ಯಾಕೆಟಿನ ಮೇಲೆ 42.8 ಶೇಕಡ ಅಂತ ಬರೆದಿರುತ್ತದೆ. ಹಾಗೆ ಲೆಕ್ಕ ಹಾಕಿದರೆ 90 ಎಂಎಲ್ ಪ್ಯಾಕ್ ಒಂದರಲ್ಲಿ ಮೂರು ಡ್ರಿಂಕ್, 180ರ ಕ್ವಾರ್ಟರ್‌ನಲ್ಲಿ ಆರು, 650 ಎಂಎಲ್‌ನ ಸ್ಟ್ರಾಂಗ್ ಬಿಯರ್‌ನಲ್ಲಿ ನಾಲ್ಕು. "ನಾನು ಬಿಯರ್ ಅಷ್ಟೇ" ಅನ್ನುವ ಹುಡುಗರ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು. ರಾಜ್ಯದಲ್ಲಿ ಸಾರಾಯಿ ನಿಷೇಧ ಆದದ್ದು 2007ರ ಜುಲೈ 1ಕ್ಕೆ. ಸಾರಾಯಿ ಹೋಯಿತು, ಅದರ ಜಾಗದಲ್ಲಿ ಜೇಬಿನಲ್ಲಿ ಹಿಡಿಯುವ ಈ ಪ್ಯಾಕೆಟ್ ಬಂದು ಕೂತಿತು.

ಆಶಾ ಕಾರ್ಯಕರ್ತೆಯರಿಂದ ನಾನು ಕಲಿತದ್ದೇ ಜಾಸ್ತಿ. 30 ದಾಟಿದ ಎಲ್ಲರ ಮನೆಗೂ ಹೋಗಿ ಅವರು ಸಿಬ್ಯಾಕ್ ಅನ್ನುವ ಫಾರಂ ತುಂಬುತ್ತಾರೆ. ಬಿಪಿ, ಶುಗರ್, ಕ್ಯಾನ್ಸರ್ ಅಪಾಯ ಯಾರಿಗಿದೆ ಅಂತ ಹುಡುಕುವ ಫಾರಂ ಅದು. ಅದರಲ್ಲಿ ಕುಡಿತದ ಬಗ್ಗೆ ಒಂದು ಪ್ರಶ್ನೆ ಇದೆ: ದಿನಾ ಕುಡಿಯುತ್ತೀರಾ? ಹೌದು ಅಂದರೆ ಒಂದು ಅಂಕ, ಇಲ್ಲ ಅಂದರೆ ಸೊನ್ನೆ. ಹಿರಿಯ ಆಶಾ ಅಕ್ಕ ಒಬ್ಬರು ಕೈಯೆತ್ತಿ ಹೇಳಿದರು: "ಸಂತೆ ದಿನ ಸಂಬಳ ತಗೊಂಡು ಎರಡು ಕ್ವಾರ್ಟರ್ ಹೊಡೆದು ಚರಂಡೀಲಿ ಬೀಳೋನಿಗೆ ಇದ್ರಲ್ಲಿ ಸೊನ್ನೆ ಬರುತ್ತೆ ಮೇಡಂ." ಸರಿಯಾದ ಮಾತು. ವಾರಕ್ಕೊಮ್ಮೆ ಹನ್ನೆರಡು ಡ್ರಿಂಕ್ ಕುಡಿಯುವವನು ಆ ಫಾರಂಗೆ ಕಾಣುವುದೇ ಇಲ್ಲ. ಈಗ ನಮ್ಮ ಆಶಾಗಳು ಆ ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ "ಸಂತೆ" ಅಂತ ಗುರುತು ಹಾಕುತ್ತಾರೆ. ಎಲ್ಲೂ ಎಂಟ್ರಿ ಆಗದ ಆ ಗುರುತು ನೋಡಿಕೊಂಡೇ ನಾನು ಎಷ್ಟೋ ಜನರನ್ನು ಹಿಡಿದಿದ್ದೇನೆ.

ಹೊಗೆಸೊಪ್ಪಿನ ವಿಷಯವೂ ಅಲ್ಲೇ ಬಂತು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಹೆಂಗಸರು ನಮ್ಮ ಕಡೆ ಬೇಕಾದಷ್ಟು ಜನ. ತರಬೇತಿಗೆ ಬಂದ ಆಶಾಗಳಲ್ಲೇ ಇಬ್ಬರ ಸೊಂಟದ ಚೀಲದಲ್ಲಿ ಅದು ಇತ್ತು. ಅವರೇ ಮೊದಲು ಬಿಟ್ಟರು. ಬಿಡುವಾಗ ಪಟ್ಟ ಕಷ್ಟವನ್ನು ಎಲ್ಲರೆದುರು ಹೇಳಿಕೊಂಡರು: ಸಿಡುಕು, ತಲೆನೋವು, ಊಟ ಆದಮೇಲೆ ಬಾಯಿ ಹುಡುಕುವುದು. ಬಿಡುವುದು ಮನಸ್ಸು ಗಟ್ಟಿ ಮಾಡಿದರೆ ಆಗಿಹೋಗುವ ಕೆಲಸ ಅಲ್ಲ ಅನ್ನುವುದಕ್ಕೆ ನನ್ನ ಪಾಠಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

ಮಾತಿನಿಂದ ಏನಾಗುತ್ತದೆ ಅಂತ ಕೇಳುವವರಿಗೆ ನಾನು ಗೋವಾದ ಕಥೆ ಹೇಳುತ್ತೇನೆ. ಅಲ್ಲಿ ಸಂಗಾತ್ ಸಂಸ್ಥೆಯವರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಡಿಟ್ ಅಂಕ 12ರಿಂದ 19 ಇದ್ದ 377 ಗಂಡಸರ ಮೇಲೆ ಅಧ್ಯಯನ ಮಾಡಿದರು. ಅರ್ಧದಷ್ಟು ಜನರಿಗೆ, ಮಾನಸಿಕ ಆರೋಗ್ಯದ ಯಾವ ಡಿಗ್ರಿಯೂ ಇಲ್ಲದ, ತರಬೇತಿ ಪಡೆದ ಸಾಮಾನ್ಯ ಜನ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದರು. ಮೂರು ತಿಂಗಳ ನಂತರ ಆ ಗುಂಪಿನಲ್ಲಿ 36 ಶೇಕಡ ಜನ ಅಪಾಯದ ಕುಡಿತದಿಂದ ಹೊರಬಂದಿದ್ದರು, ಆ ಮಾತುಕತೆ ಸಿಗದ ಇನ್ನೊಂದು ಗುಂಪಿನಲ್ಲಿ 26 ಶೇಕಡ. 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದೊಡ್ಡ ಪವಾಡವೇನೂ ಅಲ್ಲ. ಆದರೆ ನೂರಕ್ಕೆ ಹತ್ತು ಮನೆ ಅಂದರೆ ನಮ್ಮ ಊರುಗಳ ಲೆಕ್ಕದಲ್ಲಿ ಒಂದು ಬೀದಿ.

ಔಷಧಿ ಬೇಕಾದವರಿಗೆ ಔಷಧಿ ಬೇಕೇ ಬೇಕು. ನಡುಕ, ಬೆವರು ಇರುವವರಿಗೆ ಮೊದಲು ಥಯಮಿನ್, ಜೊತೆಗೆ ನಡುಕ ಇಳಿಸುವ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ದಿನದಿನಕ್ಕೂ ಇಳಿಸುತ್ತಾ ಏಳರಿಂದ ಹತ್ತು ದಿನಕ್ಕೆ ನಿಲ್ಲಿಸುತ್ತೇವೆ. ಪೂರ್ತಿ ಚೀಟಿಯ ಮಾತ್ರೆ ಒಟ್ಟಿಗೆ ಕೊಡುವುದಿಲ್ಲ, ಎರಡು ಮೂರು ದಿನದ್ದು ಮಾತ್ರ. ಮತ್ತೆ ಬರಲೇಬೇಕಾಗುತ್ತದಲ್ಲ, ಬಂದಾಗ ಕೈ ಚಾಚಲು ಹೇಳಿ ನಡುಕ ನೋಡುವ ಕೆಲಸ ನಮ್ಮ ಫಾರ್ಮಸಿಸ್ಟ್‌ದು. ಹಿಂದೆ ಫಿಟ್ಸ್ ಬಂದಿದ್ದವರು, ಗೊಂದಲ ಆಗಿದ್ದವರು, ಜಾಂಡೀಸ್ ಇರುವವರು, ತಲೆಗೆ ಪೆಟ್ಟು ಬಿದ್ದವರು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದವರು, ಇವರನ್ನು ನಾವು ಇಟ್ಟುಕೊಳ್ಳುವುದಿಲ್ಲ, ಕಳಿಸುತ್ತೇವೆ. ಯಾರನ್ನು ಇಟ್ಟುಕೊಳ್ಳಬಾರದು ಅನ್ನುವುದನ್ನು ಕಲಿತ ಮೇಲೆಯೇ ಉಳಿದವರನ್ನು ಧೈರ್ಯವಾಗಿ ಇಟ್ಟುಕೊಳ್ಳಲು ಬಂದದ್ದು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋಚೈತನ್ಯ ಕ್ಲಿನಿಕ್‌ಗೆ ಮನೋವೈದ್ಯರು ಬರುತ್ತಾರೆ, ರಾತ್ರಿ ಹೊತ್ತು ಮನೆಯವರಿಗೆ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರು ಎಲ್ಲಕ್ಕಿಂತ ಜಾಸ್ತಿ ಕೇಳುವುದು ಒಂದೇ ಔಷಧಿ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ಗೊತ್ತಾಗ್ದಂಗೆ ಸಾರಲ್ಲಿ ಹಾಕೋ ಮಾತ್ರೆ ಕೊಡಿ ಡಾಕ್ಟ್ರಮ್ಮ." ಡೈಸಲ್ಫಿರಾಮ್ ಬಗ್ಗೆ ಯಾರೋ ಹೇಳಿರುತ್ತಾರೆ. ಆ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು, ಕೆಲವೊಮ್ಮೆ ಪ್ರಾಣವೇ ಹೋಗಬಹುದು. ತಾನು ತೆಗೆದುಕೊಳ್ಳುತ್ತಿದ್ದೇನೆ ಅಂತ ಗೊತ್ತಿದ್ದು, ಒಪ್ಪಿದವರಿಗೆ, ಪರೀಕ್ಷೆ ಮಾಡಿ ಕೊಡುವ ಮಾತ್ರೆ ಅದು. ಕದ್ದು ಹಾಕಿದರೆ ವಿಷ ಹಾಕಿದ ಹಾಗೆ. ಇದನ್ನು ಹೇಳುವಾಗ ಆ ತಾಯಂದಿರ ಮುಖ ನೋಡುವುದು ಕಷ್ಟ. ಅವರಿಗೆ ಉಳಿದದ್ದು ಅದೊಂದೇ ದಾರಿ ಅಂತ ನಂಬಿ ಬಂದಿರುತ್ತಾರೆ. ಹಾಗಾಗಿ ಬರೀ ಇಲ್ಲ ಅಂತ ಹೇಳಿ ಕಳಿಸಬಾರದು ಅಂತ ನಾವು ನಿರ್ಧಾರ ಮಾಡಿದ್ದೇವೆ. ಅವರು ಬರದಿದ್ದರೂ ಪರವಾಗಿಲ್ಲ, ನೀವು ಬನ್ನಿ, ನಿಮ್ಮ ನಿದ್ದೆ, ನಿಮ್ಮ ಬಿಪಿ ನೋಡುತ್ತೇವೆ ಅನ್ನುತ್ತೇವೆ. ಹೆಂಡತಿ ನಾಲ್ಕು ಸಲ ಬಂದ ಮೇಲೆ ಐದನೇ ಸಲ ಗಂಡ ಹಿಂದೆ ನಿಂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಕಾರ್ತಿಕ ಮಾಸ ಬಂದರೆ ನಮ್ಮಲ್ಲಿ ನಡುಕದ ಕೇಸು ಹೆಚ್ಚಾಗುತ್ತವೆ. ಮೊದಲ ವರ್ಷ ಯಾಕೆ ಅಂತ ಹೊಳೆಯಲಿಲ್ಲ. ಅಯ್ಯಪ್ಪನ ಮಾಲೆ. ದಿನಾ ಎರಡು ಕ್ವಾರ್ಟರ್ ಕುಡಿಯುತ್ತಿದ್ದವರು ಮಾಲೆ ಹಾಕಿದ ಬೆಳಗ್ಗೆ ಒಮ್ಮೆಲೇ ನಿಲ್ಲಿಸುತ್ತಾರೆ. ಭಕ್ತಿಯಿಂದ ನಿಲ್ಲಿಸುತ್ತಾರೆ, ಮೈ ಕೇಳುವುದಿಲ್ಲ. ಈಗ ಸೀಸನ್ ಶುರುವಾಗುವ ಮೊದಲೇ ಆಶಾಗಳು ಗುರುಸ್ವಾಮಿಗಳ ಹತ್ತಿರ ಹೋಗಿ, ಜಾಸ್ತಿ ಕುಡಿಯುವವರು ಮಾಲೆ ಹಾಕುವ ಮುಂಚೆ ಒಮ್ಮೆ ಆಸ್ಪತ್ರೆಗೆ ಬಂದುಹೋಗಲಿ ಅಂತ ಹೇಳಿಬರುತ್ತಾರೆ. ಅವರು ಕಳಿಸಿಯೂ ಕಳಿಸುತ್ತಾರೆ. ಇದರಲ್ಲಿ ನನಗೆ ಇನ್ನೊಂದು ಸಿಕ್ಕಿತು. ಬಿಡಲು ನನ್ನಿಂದ ಆಗುವುದೇ ಇಲ್ಲ ಅನ್ನುವವರನ್ನು, "ಮಾಲೆ ಹಾಕಿದ್ದಾಗ 41 ದಿನ ಹೇಗಿದ್ರಿ?" ಅಂತ ಕೇಳುತ್ತೇನೆ. ಮುಖ ಬೆಳಗುತ್ತದೆ. ಬೆಳಗ್ಗೆ ತಣ್ಣೀರು ಸ್ನಾನ, ಎಲ್ಲರೂ ಸ್ವಾಮಿ ಅಂತ ಕರೆಯುವುದು, ಮಗಳು ಪಕ್ಕದಲ್ಲಿ ಕೂತು ಊಟ ಮಾಡುವುದು, ಒಂದೊಂದಾಗಿ ಅವರೇ ಹೇಳುತ್ತಾರೆ. ಚಿಕಿತ್ಸೆಯ ಅರ್ಧ ಮಾತು ಅಲ್ಲೇ ಆಗಿಹೋಗುತ್ತದೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರಿಗೂ ಇದೇ. ಶಿಬಿರ ಮುಗಿದ ಮೇಲೆ ಅವರಿಗೆ ನವಜೀವನ ಸಮಿತಿ ಅಂತ ಇರುತ್ತದೆ, ಒಬ್ಬರಿಗೊಬ್ಬರು ಜೊತೆಗಿರಲು. ಅವರ ಜೊತೆ ನಾವು ಫೋನ್ ನಂಬರ್ ಹಂಚಿಕೊಂಡಿದ್ದೇವೆ. ಆಸ್ಪತ್ರೆಯೊಂದೇ ಇದನ್ನು ಮಾಡಲು ಆಗುವುದಿಲ್ಲ.

ಕಿಟಕಿಯಿಂದ ವಾಪಸ್ ಹೋದ ಆ ಹುಡುಗ ಟ್ರ್ಯಾಕ್ಟರ್ ಓಡಿಸುವವನು. ಅವನನ್ನು ಹುಡುಕಿ ಕರೆತಂದದ್ದು ಅವನ ಬೀದಿಯ ಆಶಾ. ಹತ್ತು ದಿನದ ಮಾತ್ರೆ ಮುಗಿಸಿದ, ನಾಲ್ಕು ತಿಂಗಳು ಮುಟ್ಟಲಿಲ್ಲ. ಆಮೇಲೆ ಊರ ಜಾತ್ರೆ ಬಂತು. ಮೂರು ವಾರ ಅವನ ಸುಳಿವಿಲ್ಲ. ಒಂದು ಬೆಳಗ್ಗೆ ಅದೇ ಕಂಬಿ ಹಿಡಿದುಕೊಂಡು ನಿಂತಿದ್ದ, ಅದೇ ವಾಸನೆ. ನಾನು ಒಳಗಿನಿಂದ ನೋಡುತ್ತಿದ್ದೆ, ಎದ್ದು ಹೋಗಬೇಕು ಅನ್ನಿಸಿತು, ಕೂತೇ ಇದ್ದೆ. ಅಕ್ಕ ಚೀಟಿ ಬರೆದರು. "ಬಂದಿದ್ದು ಒಳ್ಳೇದಾಯ್ತು ಕಣಪ್ಪ. ಬೆಂಚ್ ಮೇಲೆ ಕೂತ್ಕೋ, ನೀರು ಕುಡಿ. ಕೊನೇ ಸಲ ಯಾವಾಗ ಕುಡಿದೆ?" ಅಂದರು. ಅವನು ಹೇಳಿದ್ದನ್ನು ಚೀಟಿಯ ಮೂಲೆಯಲ್ಲಿ ಬರೆದರು: ಬೆಳಗ್ಗೆ 6, 90. ಆ ಚೀಟಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅಕ್ಕನ ಗಂಡ ಇನ್ನೂ ಕುಡಿಯುತ್ತಾರೆ. ಆಸ್ಪತ್ರೆಗೆ ಬಂದಿಲ್ಲ.

ಕಷ್ಟಗಳು ಮುಗಿದಿಲ್ಲ. ಥಯಮಿನ್ ಇಂಜೆಕ್ಷನ್ ಕೆಲವೊಮ್ಮೆ ಎರಡು ತಿಂಗಳು ಬರುವುದಿಲ್ಲ, ಆಗ ರೋಗಿಯ ಮನೆಯವರಿಗೆ ಹೊರಗಿನಿಂದ ತರಲು ಹೇಳಬೇಕಾಗುತ್ತದೆ. ಹೀಗೆ ಹೇಳುವಾಗ ನಾಚಿಕೆಯಾಗುತ್ತದೆ. ತರಬೇತಿಗೆ ಕರೆಯುವುದು ಈಗಲೂ ಹೆಚ್ಚಾಗಿ ಡಾಕ್ಟರನ್ನು ಮಾತ್ರ. ನನ್ನ ಪ್ರಕಾರ ಒಂದು ಆಸ್ಪತ್ರೆಯಿಂದ ಒಬ್ಬರನ್ನು ಹತ್ತು ದಿನ ಕರೆಯುವುದಕ್ಕಿಂತ, ಎಲ್ಲರಿಗೂ ಅವರ ಜಾಗಕ್ಕೇ ಬಂದು ವಾರಕ್ಕೊಂದು ಮಧ್ಯಾಹ್ನ ಕೊಡುವುದು ಒಳ್ಳೆಯದು. ಗ್ರೂಪ್ ಡಿಯವರೂ, ಹೊರಗುತ್ತಿಗೆಯವರೂ ಸೇರಿ. ಸರ್ಟಿಫಿಕೇಟಿನಲ್ಲಿ ಅವರ ಹೆಸರೂ ಬರಬೇಕು.

ಈ ತಿಂಗಳು ನಮ್ಮ ಹಿರಿಯ ನರ್ಸ್‌ಗೆ ವರ್ಗ ಆಯಿತು. ಕೇಳುವುದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವರು ಅವರು. ಹೋಗುವ ಜಾಗದಲ್ಲೂ ಮಾಡುತ್ತಾರೆ, ನನಗೆ ನಂಬಿಕೆ ಇದೆ. ಅವರ ಜಾಗಕ್ಕೆ ಬಂದಿರುವ ಹುಡುಗಿಗೆ ಇದು ಮೊದಲ ಪೋಸ್ಟಿಂಗ್. ಮೊನ್ನೆ ಗುರುವಾರ ಲಸಿಕೆ ಕೋಣೆಯಲ್ಲಿ ನಾನು ರೋಗಿಯಾಗಿ ಕೂತೆ, ಅವಳು ಬಿಪಿ ಪಟ್ಟಿ ಕಟ್ಟಿದಳು. "ನೀವು ಕುಡೀತೀರಾ?" ಅಂದಳು. "ಇಲ್ಲ ಮೇಡಂ" ಅಂದೆ. ಮುಂದೆ ಏನು ಕೇಳಬೇಕು ಅಂತ ತೋಚದೆ ಅವಳು ಸುಮ್ಮನಾದಳು. ಬಾಗಿಲ ಹತ್ತಿರ ಕೂತಿದ್ದ ಕಿಟಕಿಯ ಅಕ್ಕ ಎದ್ದು ಬಂದು, "ಹಂಗಲ್ಲಮ್ಮ, ಮೊದ್ಲು ಏನ್ ಕೆಲ್ಸ ಮಾಡ್ತಾರೆ ಅಂತ ಕೇಳು" ಅಂತ ಅವಳ ಪಕ್ಕ ಕುರ್ಚಿ ಎಳೆದುಕೊಂಡರು.